ಅನ್ನಪೂರ್ಣಳ ಹೆಸರಿನ ಚೀಟಿ

ನಾನು ಒಂದು ಔಷಧಿ ಚೀಟಿ. ದಾವಣಗೆರೆಯ ಒಬ್ಬ ನರರೋಗ ವೈದ್ಯರ ಮೇಜಿನ ಮೇಲೆ, ನೂರು ಹಾಳೆಯ ಪ್ಯಾಡಿನಲ್ಲಿ ನನ್ನಂಥವರ ಜೊತೆ ಒತ್ತಾಗಿ ಮಲಗಿದ್ದ ನನ್ನನ್ನು ಡಾಕ್ಟರು ಪರ್ರನೆ ಕಿತ್ತು ಒಬ್ಬ ತಾಯಿಯ ಕೈಗೆ ಕೊಟ್ಟರು. ಅದೇ ನನ್ನ ಜನನ. ಆಗ ಎರಡು ಸಾವಿರದ ಇಪ್ಪತ್ತರ ಮಾರ್ಚ್ ತಿಂಗಳ ಮೊದಲ ವಾರ. ಊರಿನಲ್ಲಿ ಇನ್ನೂ ಯಾರೂ ಮೂಗು ಬಾಯಿ ಮುಚ್ಚಿಕೊಂಡು ಓಡಾಡುತ್ತಿರಲಿಲ್ಲ.

ನನ್ನ ನೆತ್ತಿಯ ಮೇಲೆ ಡಾಕ್ಟರ ಹೆಸರು, ಅದರ ಬಾಲಕ್ಕೆ ಅವರ ಡಿಗ್ರಿಗಳು. ಕೆಳಗೆ 'ಅನ್ನಪೂರ್ಣ ಕೆ., ೧೩ ವರ್ಷ' ಎಂದಿತ್ತು. ಅಲ್ಲಿಂದ ಮುಂದೆ ಡಾಕ್ಟರು ಏನೋ ಗೀಚಿದರು. ಏನು ಗೀಚಿದರೆಂದು ನನ್ನನ್ನು ಕೇಳಬೇಡಿ, ನನ್ನ ಮೈಮೇಲಿನ ಅಕ್ಷರ ನನಗೇ ಓದಲು ಬರುವುದಿಲ್ಲ. ಅದನ್ನು ಓದಬಲ್ಲವರು ಈ ಊರಿನಲ್ಲಿ ಇಬ್ಬರೇ: ಬರೆದ ಡಾಕ್ಟರು ಮತ್ತು ಮಾತ್ರೆ ಕೊಡುವ ಅಂಗಡಿಯವರು. ಆ ಕಾರಣಕ್ಕೆ ನನಗೆ ಸ್ವಲ್ಪ ಜಂಭವೂ ಇತ್ತು, ಸುಳ್ಳು ಯಾಕೆ ಹೇಳಲಿ.

ನನ್ನನ್ನು ತೆಗೆದುಕೊಂಡ ಹಾಲಮ್ಮ ಮನೆಯಲ್ಲೇ ರವಿಕೆ ಹೊಲಿಯುವ ಹೆಂಗಸು. ಗಂಡ ಕೊಟ್ರಪ್ಪ ಲಾರಿ ಡ್ರೈವರು, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಒಬ್ಬಳೇ ಮಗಳು ಅನ್ನಪೂರ್ಣ. ಹುಡುಗಿಗೆ ಎಂಟನೇ ವಯಸ್ಸಿನಿಂದ ಫಿಟ್ಸ್. ಡಾಕ್ಟರು ಅಂದು ಹೇಳಿದ ಮಾತು ನನಗೆ ಇವತ್ತಿಗೂ ಕಿವಿಯಲ್ಲಿದೆ. "ನೋಡಮ್ಮ, ಒಂದು ಹೊತ್ತೂ ಮಾತ್ರೆ ತಪ್ಪಬಾರದು. ಎರಡು ವರ್ಷ ಒಮ್ಮೆಯೂ ಫಿಟ್ಸ್ ಬರದೆ ಇದ್ದರೆ ಮಾತ್ರೆ ನಿಲ್ಲಿಸೋ ಯೋಚನೆ ಮಾಡಬಹುದು. ನಡುವೆ ಒಂದೇ ಒಂದು ಸಲ ಬಂದರೂ ಎಣಿಕೆ ಮತ್ತೆ ಮೊದಲಿನಿಂದ."

"ಈಗಾಗ್ಲೆ ಹದಿಮೂರು ತಿಂಗಳಾತು ಸರ," ಎಂದಳು ಹಾಲಮ್ಮ. ಅವಳ ಮನೆಯ ಗೋಡೆಯ ಕ್ಯಾಲೆಂಡರಿನಲ್ಲೂ ಅದರ ಹಿಂದೆ ತೂಗುಹಾಕಿದ್ದ ಹೋದ ವರ್ಷದ್ದರಲ್ಲೂ ಫಿಟ್ಸ್ ಬರದ ಪ್ರತಿ ದಿನಕ್ಕೂ ಪೆನ್ಸಿಲಿನ ಒಂದು ಅಡ್ಡಗೆರೆ ಇತ್ತು. ಹೊಲಿಗೆ ಮಷೀನಿನ ಡ್ರಾಯರಿನಲ್ಲಿ, ರೇಷನ್ ಕಾರ್ಡಿನ ಪಕ್ಕ, ಪ್ಲಾಸ್ಟಿಕ್ ಕವರಿನೊಳಗೆ ನನಗೆ ಜಾಗವಾಯಿತು. ದೊಡ್ಡವರ ಮಗ್ಗುಲಲ್ಲೇ ಜಾಗ ಸಿಕ್ಕಿತೆಂದು ನಾನು ಬೀಗಿದೆ.

ಇನ್ನೂ ಮೂರು ವಾರ ಕಳೆದಿರಲಿಲ್ಲ, ಊರಿಗೆ ಊರೇ ಬಾಗಿಲು ಹಾಕಿತು. ಕೊಟ್ರಪ್ಪ ಲಾರಿಯ ಸಮೇತ ಗೋವಾ ಗಡಿಯಲ್ಲಿ ಸಿಕ್ಕಿಕೊಂಡ. ನಮ್ಮ ವಠಾರ ಹಳೆಯ ಹತ್ತಿ ಗಿರಣಿಯ ಕೆಲಸಗಾರರಿಗೆಂದು ಕಟ್ಟಿದ ಸಾಲು ಮನೆಗಳದು. ಎಂಟು ಬಾಗಿಲು, ಒಂದು ನಲ್ಲಿ. ಇಲ್ಲಿ ಹೆಪ್ಪಿನಿಂದ ಹಿಡಿದು ಮದುವೆಗೆ ಉಡುವ ರೇಷ್ಮೆ ಸೀರೆಯವರೆಗೆ ಎಲ್ಲವೂ ಬಾಗಿಲಿಂದ ಬಾಗಿಲಿಗೆ ಓಡಾಡುತ್ತದೆ. ಕೇಳಿದವರಿಗೆ ಇಲ್ಲ ಎನ್ನುವುದು ಇಲ್ಲಿ ಬೈದದ್ದಕ್ಕಿಂತ ಕಡೆ. ಹಾಲಮ್ಮನಂತೂ ಇಲ್ಲ ಎಂಬ ಮಾತನ್ನು ಕಲಿಯದೆಯೇ ನಲವತ್ತು ವರ್ಷ ಬದುಕಿದವಳು.

ಮಾರ್ಚ್ ಕೊನೆಗೆ ಮಾತ್ರೆ ತರಲು ಅವಳು ನನ್ನನ್ನು ಕೈಯಲ್ಲಿ ಹಿಡಿದು ಹೊರಟಳು. ಹುಡುಗಿಯ ಮಾತ್ರೆ ಸಿಗುತ್ತಿದ್ದುದು ಆಸ್ಪತ್ರೆ ರಸ್ತೆಯ ಒಂದೇ ಅಂಗಡಿಯಲ್ಲಿ. ನಡುವೆ ಸರ್ಕಲ್ಲು, ಸರ್ಕಲ್ಲಿಗೆ ಅಡ್ಡಲಾಗಿ ಹಳದಿ ಬ್ಯಾರಿಕೇಡು. ಅಲ್ಲಿ ನಾನು ಮೊದಲ ಸಲ ಹೆಡ್ ಕಾನ್‌ಸ್ಟೇಬಲ್ ಮುರಿಗೆಪ್ಪನನ್ನು ಕಂಡೆ. ಗಿಡ್ಡ ಆಳು, ಮೂಗಿಗೆ ಕರವಸ್ತ್ರ, ಕಂಕುಳಲ್ಲಿ ಲಾಠಿ. ಅವನ ಪಕ್ಕದ ಕುರ್ಚಿಯ ಮೇಲೆ ಕಸಿದುಕೊಂಡ ಬೈಕಿನ ಕೀಲಿಗಳ ರಾಶಿ. ನಾಲ್ಕು ಜನ ಪಡ್ಡೆಗಳು ಕಿವಿ ಹಿಡಿದು ಬಸ್ಕಿ ಹೊಡೆಯುತ್ತಿದ್ದರು. ಸಾಲಿನಲ್ಲಿ ನಿಂತವರಲ್ಲಿ ಒಬ್ಬ ಹೊರಬಂದ ನೆಪಕ್ಕೆ ಖಾಲಿ ಹಾಲಿನ ಕ್ಯಾನು ತೋರಿಸುತ್ತಿದ್ದ, ಇನ್ನೊಬ್ಬ ಕಾಯಿಪಲ್ಲೆ ಚೀಲ. ಮತ್ತೊಬ್ಬ ಹತ್ತು ವರ್ಷದ ಹಿಂದೆ ಕಾಲು ಮುರಿದಾಗಿನ ಎಕ್ಸ್‌ರೇ ಹಿಡಿದುಕೊಂಡು ಬಂದಿದ್ದ. ಮುರಿಗೆಪ್ಪ ಅದನ್ನು ಬಿಸಿಲಿಗೆ ಎತ್ತಿ ನೋಡಿ, "ಕಾಲು ಚೆನ್ನಾಗಿ ಕೂಡೇತಿ, ನಡಕೊಂಡು ಮನೆಗೆ ಹೋಗು," ಎಂದು ಕಳಿಸಿದ.

ನನ್ನನ್ನು ಕಂಡಾಗ ಮಾತ್ರ ಅವನ ದನಿ ಇಳಿಯಿತು. ಆಚೆ ಈಚೆ ತಿರುಗಿಸಿದ. ಒಂದಕ್ಷರ ತಿಳಿಯಲಿಲ್ಲ. ತಿಳಿಯದ್ದಕ್ಕೇ ಗೌರವ ಹೆಚ್ಚಾಯಿತು. ಜೇಬಿನಿಂದ ಕೆಂಪು ಪೆನ್ನು ತೆಗೆದು ನನ್ನ ಬೆನ್ನಿಗೆ ತಾರೀಖು ಬರೆದು, "ಹೋಗ್ರಮ್ಮ, ಲಗೂನ ಬರ್ರಿ," ಎಂದ. ಒಂದು ಚೀಟಿಗೆ ದಿನಕ್ಕೆ ಒಂದೇ ಸಲ ಬಿಡುವುದು ಅವನು ಮಾಡಿಕೊಂಡಿದ್ದ ಲೆಕ್ಕ.

ಹಾಲಮ್ಮ ಒಂದು ತಿಂಗಳಿಗಾಗುವಷ್ಟು ಮಾತ್ರೆ ತಂದಳು. ಪೊಲೀಸರು ಚೀಟಿ ನೋಡಿ ಬಿಟ್ಟರೆಂಬ ಸುದ್ದಿಯನ್ನೂ ತಂದಳು. ನಲ್ಲಿಯ ಹತ್ತಿರ ಅದನ್ನು ಹೇಳಿದ್ದೇ ಅವಳು ಮಾಡಿದ ತಪ್ಪು.

ಮೊದಲು ಬಂದವರು ಮೂರನೇ ಮನೆಯ ಶಾಂತವೀರಪ್ಪಜ್ಜ, ಗಿರಣಿಯಿಂದ ನಿವೃತ್ತರಾದವರು. ಎಲೆ ಅಡಿಕೆ ತಂಬಾಕು ಇಲ್ಲದೆ ಅವರ ದವಡೆ ನಾಲ್ಕು ದಿನದಿಂದ ಸುಮ್ಮನಿತ್ತು. "ಒಂದು ತಾಸು ಕೊಡವ್ವ ತಂಗಿ, ನಿನ್ನ ಚೀಟಿ ಏನು ಸವೆದು ಹೋಗ್ತೈತಾ?" ಎಂದರು. ಸವೆಯುವುದಿಲ್ಲವೆಂದು ಹಾಲಮ್ಮನಿಗೂ ಅನ್ನಿಸಿತು. ಬ್ಯಾರಿಕೇಡಿನಲ್ಲಿ ಅಜ್ಜ, "ಮೊಮ್ಮಗಳಿಗೆ ಸಾಹೇಬ್ರೆ," ಎಂದರು. ಮುರಿಗೆಪ್ಪ ಬೆನ್ನಿಗೆ ಎರಡನೇ ತಾರೀಖು ಬರೆದ.

ಆಮೇಲೆ ಕೊನೇ ಮನೆಯ ರುದ್ರೇಶ ಬಂದ. ಮೊಬೈಲ್ ಅಂಗಡಿಯಲ್ಲಿ ಕೆಲಸ, ವಯಸ್ಸು ಇಪ್ಪತ್ತೆಂಟು, ಇನ್ನೂ ಹೆಣ್ಣು ನೋಡುತ್ತಿದ್ದರು. ಮಂಡಕ್ಕಿ ಭಟ್ಟಿಯ ಹಿಂದಿನ ಒಂದು ಗೋದಾಮಿನಲ್ಲಿ ಅವನ ಗೆಳೆಯರು ಇಸ್ಪೀಟಿಗೆ ಕೂಡುತ್ತಿದ್ದರು. ಮದುವೆಯೇ ಆಗದ ಗಂಡು, "ಮಗಳಿಗೆ ಸರ," ಎಂದು ಧೈರ್ಯವಾಗಿ ಹೇಳಿಬಿಟ್ಟ.

"ಏನಾಗೇತಿ ಮಗಳಿಗೆ?" ಎಂದ ಮುರಿಗೆಪ್ಪ.

ರುದ್ರೇಶ ಆ ಪ್ರಶ್ನೆಗೆ ತಯಾರಾಗಿರಲಿಲ್ಲ. "ಜ್ವರ," ಎಂದ. ಆ ದಿನಗಳಲ್ಲಿ ಅದಕ್ಕಿಂತ ಕೆಟ್ಟ ಮಾತು ಬೇರೆ ಇರಲಿಲ್ಲ. ಮುರಿಗೆಪ್ಪ ಮೂರು ಹೆಜ್ಜೆ ಹಿಂದೆ ಹಾರಿ, ಲಾಠಿಯ ತುದಿಯಿಂದ ನನ್ನನ್ನು ಅವನ ಕಡೆ ತಳ್ಳಿ, "ನಡಿ ನಡಿ, ದೂರ ನಡಿ!" ಎಂದ. ನನಗೂ ನಗು ಬಂತು. ಆದರೆ ರುದ್ರೇಶ ದಾಟಿ ಹೋದ ಮೇಲೂ ಮುರಿಗೆಪ್ಪ ಅವನ ಬೆನ್ನನ್ನೇ ನೋಡುತ್ತಿದ್ದದ್ದನ್ನು ಕಂಡು ಆ ನಗು ನಿಂತಿತು. ಪೊಲೀಸರ ಕಣ್ಣು ಮರೆಯುವ ಕಣ್ಣಲ್ಲ.

ಏಪ್ರಿಲ್ ಮುಗಿಯುವ ಹೊತ್ತಿಗೆ ನನ್ನ ಬೆನ್ನ ತುಂಬ ಕೆಂಪು ತಾರೀಖುಗಳು. ಜೇಬಿನ ಬೆವರಿಗೆ ಮೈ ಮೆತ್ತಗಾಗಿತ್ತು, ಮಡಿಕೆಗಳಲ್ಲಿ ಕೂದಲೆಳೆಯಂಥ ಬಿರುಕು. ಸರ್ಕಲ್ಲಿನಲ್ಲಿ ಬಿಸಿಲು ದಿನದಿಂದ ದಿನಕ್ಕೆ ಏರುತ್ತಿತ್ತು, ಅದರ ಜೊತೆಗೆ ಮುರಿಗೆಪ್ಪನ ಸಿಟ್ಟೂ. ಮನೆಯವರಿಗೆ ಸೋಂಕು ಹತ್ತಬಾರದೆಂದು ಅವನು ಹದಿನೈದು ದಿನದಿಂದ ಶಾಲೆಯೊಂದರ ಬೆಂಚಿನ ಮೇಲೆ ಮಲಗುತ್ತಿದ್ದನಂತೆ. ಹೆಂಡತಿ ಬುತ್ತಿಯನ್ನು ದೂರದಲ್ಲಿಟ್ಟು ಕೈ ಬೀಸಿ ಹೋಗುವುದನ್ನು ನಾನೇ ಒಮ್ಮೆ ರುದ್ರೇಶನ ಜೇಬಿನಿಂದ ಇಣುಕಿ ನೋಡಿದ್ದೆ.

ಮಾತ್ರೆ ಮುಗಿಯುವ ದಿನ ಬಂತು. ಎರಡು ದಿನ ಮೊದಲೇ ತರಬೇಕೆಂದು ಹಾಲಮ್ಮ ಅಂದುಕೊಂಡಿದ್ದಳು. ಆದರೆ ಆ ಎರಡು ದಿನ ಪಕ್ಕದ ಬೀದಿಯನ್ನು ಸೀಲ್ ಮಾಡಿದ್ದರು, ನಮ್ಮ ವಠಾರದಿಂದಲೂ ಯಾರನ್ನೂ ಬಿಟ್ಟಿರಲಿಲ್ಲ. ಕೊನೆಯ ಮಾತ್ರೆಯನ್ನು ಹುಡುಗಿ ಹಿಂದಿನ ರಾತ್ರಿ ಊಟವಾದ ಮೇಲೆ ನುಂಗಿದ್ದಳು. ಬೆಳಗಿನ ಹೊತ್ತಿನದು ಇರಲಿಲ್ಲ. ಏಳು ಗಂಟೆಗೆ ಹಾಲಮ್ಮ ಚಪ್ಪಲಿ ಮೆಟ್ಟುವಷ್ಟರಲ್ಲಿ ರುದ್ರೇಶ ಎದುರಾದ.

"ನೀನ್ಯಾಕೆ ಬಿಸಿಲಲ್ಲಿ ನಡೀತಿ ಹಾಲಮ್ಮಕ್ಕ? ನಾನು ಆ ಕಡೇನೇ ಹೊಂಟೀನಿ. ಬೈಕೈತಿ. ಅರ್ಧ ತಾಸಿಗೆ ಮಾತ್ರೆ ತಂದುಕೊಡ್ತೀನಿ."

ಹಾಲಮ್ಮ ಒಂದು ಗಳಿಗೆ ತಡೆದಳು. ಮಗಳನ್ನು ಒಬ್ಬಳನ್ನೇ ಬಿಟ್ಟು ಹೋಗುವ ಅಂಜಿಕೆ ಅವಳಿಗೂ ಇತ್ತು. "ಮರೀಬ್ಯಾಡಪ್ಪ. ಬೆಳಗಿಂದು ಆಗ್ಲೇ ತಪ್ಪೇತಿ," ಎಂದು ನನ್ನನ್ನು ಕೊಟ್ಟಳು.

ಅವನು ಮರೆಯಲಿಲ್ಲ. ಮರೆತಿದ್ದರೆ ನಾನು ಕ್ಷಮಿಸುತ್ತಿದ್ದೆ. ಬ್ಯಾರಿಕೇಡು ದಾಟಿ, ಗೋದಾಮಿನ ಮುಂದೆ ಬೈಕು ನಿಲ್ಲಿಸಿ, "ಒಂದು ಆಟ ಆಡಿ ಹೋಗ್ತೀನಿ," ಎಂದು ಕೂತ. ಒಂದು ಎರಡಾಯಿತು, ಎರಡು ಐದಾಯಿತು. ಅವನ ಎದೆಯ ಜೇಬಿನಲ್ಲಿ ಕೂತು ನಾನು ಒಳಗೊಳಗೇ ಕುದಿದೆ. ನನಗೆ ಬಾಯಿ ಎಂಬುದೊಂದಿದ್ದರೆ ಆ ಗೋದಾಮಿನ ತಗಡು ಹಾರುವಂತೆ ಕೂಗುತ್ತಿದ್ದೆ. ಗೋದಾಮಿನ ಹೊರಗೆ ಪೊಲೀಸ್ ಜೀಪಿನ ಸೈರನ್ ಕೇಳಿಸಿದಾಗ ಎಲ್ಲರೂ ಹಿಂದಿನ ಗೋಡೆ ಹಾರಿದರು. ರುದ್ರೇಶ ಬೈಕು ಅಲ್ಲೇ ಬಿಟ್ಟು ಸಂದಿಗೊಂದಿ ಹಿಡಿದು ವಠಾರ ಸೇರಿದಾಗ ಹನ್ನೊಂದು ದಾಟಿತ್ತು. ಬಾಗಿಲಲ್ಲೇ ಕಾಯುತ್ತಿದ್ದ ಹಾಲಮ್ಮನ ಮುಖ ನೋಡಿ ಅವನ ನಾಲಿಗೆ ತಡವರಿಸಿತು.

"ಅಂಗಡಿ ಬಾಗಿಲು ಹಾಕಿತ್ತಕ್ಕ," ಎಂದು ನನ್ನನ್ನು ಅವಳ ಕೈಗಿಟ್ಟ.

ಹನ್ನೆರಡಕ್ಕೆ ಹುಡುಗಿಯ ಎಡಗೈ ತಿರುಗಿತು. ಡ್ರಾಯರು ಅರ್ಧ ತೆರೆದಿತ್ತು, ನಾನು ಎಲ್ಲವನ್ನೂ ನೋಡಿದೆ. ಹಾಲಮ್ಮ ಕೂಗಾಡಲಿಲ್ಲ. ಮಗಳನ್ನು ಮಗ್ಗುಲಿಗೆ ತಿರುಗಿಸಿ, ತಲೆಯ ಕೆಳಗೆ ಹೊಲಿಯಲು ಬಂದಿದ್ದ ಯಾರದೋ ಬಟ್ಟೆ ಮಡಿಸಿಟ್ಟು, ಗೋಡೆಯ ಗಡಿಯಾರ ನೋಡುತ್ತ ಕೂತಳು. ಅವಳ ತುಟಿ ಮಾತ್ರ ಅಲುಗುತ್ತಿತ್ತು. ನಾಲ್ಕು ನಿಮಿಷ. ಆಮೇಲೆ ಹುಡುಗಿ ಜೋರಾಗಿ ಉಸಿರು ಬಿಟ್ಟು, ಸೋತು ನಿದ್ದೆ ಹೋದಳು. ಬೇಗ ಮಾತ್ರೆ ಹೊಟ್ಟೆಗೆ ಬೀಳದಿದ್ದರೆ ಇನ್ನೊಂದು ಬರಬಹುದೆಂದು ಹಾಲಮ್ಮನಿಗೆ ಗೊತ್ತಿತ್ತು. ಶಾಂತವೀರಪ್ಪಜ್ಜನನ್ನೂ ಅವರ ಹೆಂಡತಿಯನ್ನೂ ಮಗಳ ಹತ್ತಿರ ಕೂರಿಸಿ, ಅಂಗಡಿ ಮುಚ್ಚಿದ್ದರೆ ಬಾಗಿಲು ಬಡಿದಾದರೂ ತರುತ್ತೇನೆಂದು ನನ್ನನ್ನು ಎತ್ತಿಕೊಂಡಳು. ರುದ್ರೇಶ ನಲ್ಲಿಯ ಕಟ್ಟೆಯಿಂದ ಎದ್ದು, "ನಾನು ಹೋಗ್ಲಾ ಅಕ್ಕ?" ಎಂದ. ಅವಳಿಗೆ ಅದು ಕೇಳಿಸಲೇ ಇಲ್ಲ.

ಸರ್ಕಲ್ಲಿನವರೆಗೆ ಅವಳು ಓಡಿದಳು. ಅಂದು ಬೆಳಿಗ್ಗೆ ಮುರಿಗೆಪ್ಪನಿಗೆ ಮೇಲಿನವರಿಂದ ಚೆನ್ನಾಗಿ ಬೈಗುಳ ಬಿದ್ದಿತ್ತು. ಗೋದಾಮಿನಲ್ಲಿ ಇಸ್ಪೀಟು ಆಡುವವರು ನಿನ್ನ ಬ್ಯಾರಿಕೇಡನ್ನೇ ದಾಟಿ ಹೋಗಿದ್ದಾರೆ, ನೀನೇನು ಕತ್ತೆ ಕಾಯುತ್ತಿದ್ದೀಯಾ ಎಂದು. ಅವನು ನನ್ನನ್ನು ಕೈಗೆ ತೆಗೆದುಕೊಂಡು ಬೆನ್ನು ತಿರುಗಿಸಿದ. ಅವತ್ತಿನದೇ ತಾರೀಖು, ಅವನದೇ ಅಕ್ಷರ.

"ಇದೇ ಚೀಟಿ. ಬೆಳಿಗ್ಗೆ ಅಪ್ಪ ಬಂದಿದ್ದ. ಹೋದ ವಾರ ಅಜ್ಜ ಬಂದಿದ್ದ. ಈಗ ನೀನು ಯಾರು, ಅವ್ವನಾ?"

"ಹೌದ್ರಿ ಸಾಹೇಬ್ರೆ, ಅವ್ವ..."

"ಈ ಹುಡುಗಿಗೆ ಎಷ್ಟು ಮಂದಿ ಅಪ್ಪಂದಿರಮ್ಮ?"

ಸುತ್ತ ನಿಂತಿದ್ದವರಲ್ಲಿ ಯಾರೋ ನಕ್ಕರು. ಹಾಲಮ್ಮನ ಮುಖ ಕಪ್ಪಿಟ್ಟಿತು. ಅವಳು ಬಾಯಿ ತೆರೆಯುವ ಮೊದಲೇ ಮುರಿಗೆಪ್ಪ, "ನಿಮ್ಮ ಆಟಕ್ಕೆ ನಾವು ಬೈಸ್ಕೋಬೇಕಾ?" ಎಂದು ನನ್ನನ್ನು ನಡುವೆ ಹಿಡಿದು ಎಳೆದ. ಬೆವರಿನಲ್ಲಿ ನೆನೆದು ನೆನೆದು ಸಡಿಲಾಗಿದ್ದ ಮೈ, ಜಗ್ಗಿದ್ದೇ ತಡ ಎರಡಾಯಿತು. ಡಾಕ್ಟರ ಹೆಸರು ಒಂದು ಕಡೆ ಬಿತ್ತು, ಮಾತ್ರೆಯ ಹೆಸರು ಇನ್ನೊಂದು ಕಡೆ.

ಹಾಲಮ್ಮ ರಸ್ತೆಯ ಮೇಲೆ ಕೂತುಬಿಟ್ಟಳು. ಕಾದ ಟಾರಿನ ಮೇಲೆ ಕೈ ಊರಿ ನನ್ನ ಎರಡು ತುಂಡನ್ನೂ ಎತ್ತಿ ಮಡಿಲಲ್ಲಿ ಜೋಡಿಸುತ್ತ, ಯಾರ ಮುಖವನ್ನೂ ನೋಡದೆ ಮಾತಾಡತೊಡಗಿದಳು.

"ಮೊದ್ಲು ಎಡಗೈ ತಿರುಗ್ತೈತಿ ಸಾಹೇಬ್ರೆ. ಹೆಬ್ಬೆರಳು ಒಳಗೆ ಹೋಗ್ತೈತಿ. ಆಮೇಲೆ ಕಣ್ಣು ಮೇಲೆ. ಬಾಯಿಗೆ ಏನೂ ಇಡಬಾರದು, ಮಗ್ಗುಲಿಗೆ ಮಲಗಿಸ್ಬೇಕು. ಎರಡು ನಿಮಿಷಕ್ಕೆ ಬಿಡ್ತಿತ್ತು, ಇವತ್ತು ನಾಲ್ಕು ಹಿಡೀತು. ಮಾತ್ರೆ ಬಿಳೀದು, ನಡುವೆ ಗೀಟೈತಿ. ಬೆಳಿಗ್ಗೆ ಒಂದು, ರಾತ್ರಿ ಒಂದು. ನಿನ್ನೆ ನುಂಗಿದ್ದೇ ಕಡೇದು. ಹದಿನಾಲ್ಕು ತಿಂಗಳು ಬಂದಿರಲಿಲ್ಲ ಸಾಹೇಬ್ರೆ. ಹದಿನಾಲ್ಕು ತಿಂಗಳು. ಚೀಟಿ ಕಂಡಕಂಡವರಿಗೆ ಕೊಟ್ಟೆ, ತಪ್ಪು ನಂದೇ. ನನ್ನ ಹೊಡೀರಿ. ಆದ್ರೆ ಮಾತ್ರೆಗೆ ಹೋಗಾಕೆ ಬಿಡ್ರಿ."

ಸರ್ಕಲ್ಲಿನಲ್ಲಿ ಯಾರೂ ನಗಲಿಲ್ಲ. ಅಪ್ಪನೆಂದು ಹೇಳಿಕೊಂಡ ರುದ್ರೇಶನ ಬಾಯಿಂದ ಬರೀ 'ಜ್ವರ' ಎಂಬ ಒಂದೇ ಮಾತು ಬಂದಿದ್ದು ಮುರಿಗೆಪ್ಪನಿಗೆ ನೆನಪಾಗಿರಬೇಕು. ಲಾಠಿಯನ್ನು ಕುರ್ಚಿಗೆ ಒರಗಿಸಿ, ಬ್ಯಾರಿಕೇಡನ್ನು ತಾನೇ ಎಳೆದು ಸಂದು ಮಾಡಿದ. "ಏಳಮ್ಮ. ಹೋಗು," ಎಂದ. ಅವನ ದನಿ ಕರವಸ್ತ್ರದೊಳಗೇ ಉಳಿಯಿತು.

ಅಂಗಡಿ ತೆರೆದೇ ಇತ್ತು. ಹಾಲಮ್ಮ ಬಾಗಿಲಲ್ಲಿ ಒಂದು ಕ್ಷಣ ನಿಂತು ಅದನ್ನು ನೋಡಿದಳು. ಅಂಗಡಿಯವರು ನನ್ನ ತುಂಡುಗಳನ್ನು ಗಾಜಿನ ಮೇಲೆ ಹರಡಿ ತಲೆಯಾಡಿಸಿದರು. "ಇದು ಹಂಗೆಲ್ಲ ಕೊಡೋ ಮಾತ್ರೆ ಅಲ್ಲಮ್ಮ. ಎರಡು ತುಂಡು ಒಂದೇ ಚೀಟೀದು ಅಂತ ನಾನು ಹೆಂಗೆ ನಂಬಲಿ? ನಾಳೆ ತಪಾಸಣೆಗೆ ಬಂದ್ರೆ ಏನು ತೋರಿಸಲಿ? ಡಾಕ್ಟರ ಹತ್ರ ಇನ್ನೊಂದು ಬರಸ್ಕೊಂಡು ಬಾ." ಡಾಕ್ಟರ ಕ್ಲಿನಿಕ್ಕು ತಿಂಗಳಿಂದ ಮುಚ್ಚಿತ್ತು. ಹಾಲಮ್ಮ ಕೈ ಮುಗಿದಳು. ಅಂಗಡಿಯವರು ಕೆಟ್ಟವರಲ್ಲ, ಹೆದರಿದವರು. ಫೋನು ಹಚ್ಚಿ ನೋಡಿದರು, ಆ ಕಡೆ ಯಾರೂ ಎತ್ತಲಿಲ್ಲ. ಗೋಡೆಯ ಗಡಿಯಾರ ಒಂದೂಕಾಲು ತೋರಿಸುತ್ತಿತ್ತು. ಮನೆಯಲ್ಲಿ ಹುಡುಗಿ ಎದ್ದಿದ್ದಾಳೋ, ಮತ್ತೆ ಕೈ ತಿರುಗಿತೋ, ಹೇಳುವವರು ಯಾರು? ಹಾಲಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆ ಹೊತ್ತು ನನ್ನ ಜಂಭವೆಲ್ಲ ಇಳಿದು ಹೋಯಿತು. ಬರೀ ಕಾಗದ ನಾನು, ಅದೂ ಹರಿದ ಕಾಗದ.

ಆಗ ಹಿಂದಿನಿಂದ ಬೂಟಿನ ಸದ್ದು ಕೇಳಿಸಿತು. ಮುರಿಗೆಪ್ಪ ಬ್ಯಾರಿಕೇಡನ್ನು ಇನ್ನೊಬ್ಬರಿಗೆ ಒಪ್ಪಿಸಿ ಬಂದಿದ್ದ. ಬಿಸಿಲಿನಲ್ಲಿ ಲಗುಬಗೆಯಿಂದ ನಡೆದು ಬಂದವನಿಗೆ ಏದುಸಿರು.

"ನಾನೇ ಹರಿದಿದ್ದು," ಎಂದ. "ಎರಡೂ ಒಂದೇ ಚೀಟಿ. ಬೇಕಾದ್ರೆ ನನ್ನ ನಂಬರು, ಸ್ಟೇಷನ್ನು ಬರಕೊಳ್ರಿ, ಸಹಿ ಮಾಡ್ತೀನಿ. ಮಾತ್ರೆ ಕೊಡ್ರಿ ಮೊದ್ಲು."

ಅಂಗಡಿಯವರು ಗಾಯಕ್ಕೆ ಹಚ್ಚುವ ಬಿಳಿ ಪ್ಲಾಸ್ಟರು ತಂದು ನನ್ನನ್ನು ಬೋರಲು ಮಲಗಿಸಿ, ಬೆನ್ನಿನ ಕೆಂಪು ತಾರೀಖುಗಳ ಮೇಲೆ ಉದ್ದಕ್ಕೆ ಅಂಟಿಸಿದರು. ಮುರಿಗೆಪ್ಪ ಅಂಚಿನಲ್ಲಿ ಸಹಿ ಹಾಕಿದ. ಮಾತ್ರೆ ಕಟ್ಟುತ್ತ ಅಂಗಡಿಯವರು, "ಅಲ್ಲಮ್ಮ, ಇಷ್ಟೊತ್ತು ಯಾಕೆ ಬಿಟ್ಟೆ? ಬೆಳಿಗ್ಗೆ ಆರಕ್ಕೇ ತೆಗೆದೀನಲ್ಲ," ಎಂದರು. ಹಾಲಮ್ಮ ಮಾತ್ರೆಯ ಪೊಟ್ಟಣವನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡಳು. ಮುರಿಗೆಪ್ಪ ದಾರಿಯಲ್ಲಿ ಬರುತ್ತಿದ್ದ ಪೊಲೀಸ್ ಜೀಪನ್ನು ಕೈ ಮಾಡಿ ನಿಲ್ಲಿಸಿ ಅವಳನ್ನು ಕೂರಿಸಿ ಕಳಿಸಿದ.

ವಠಾರದ ಬಾಯಿಗೆ ಪೊಲೀಸ್ ಜೀಪು ಬಂದು ನಿಂತಾಗ ನಮ್ಮದೊಂದು ಬಿಟ್ಟು ಉಳಿದ ಬಾಗಿಲುಗಳೆಲ್ಲ ಒಟ್ಟಿಗೆ ಮುಚ್ಚಿಕೊಂಡವು. ರುದ್ರೇಶನೊಬ್ಬ ನಲ್ಲಿಯ ಕಟ್ಟೆಯ ಮೇಲೆ ಕೂತಲ್ಲೇ ಇದ್ದ. ಹಾಲಮ್ಮ ಒಳಗೆ ಹೋದಳು. ಹುಡುಗಿ ಎಚ್ಚರಾಗಿ, ಯಾಕೆ ಮೈ ನೋಯುತ್ತಿದೆ ಎಂದು ಅಜ್ಜನನ್ನು ಕೇಳುತ್ತಿದ್ದಳು. ಇನ್ನೊಂದು ಸಲ ಬಂದಿರಲಿಲ್ಲ. ಮಾತ್ರೆ ನುಂಗಿಸಿ, ನೀರು ಕುಡಿಸಿ, ಮಗಳ ಗಂಟಲು ಅಲುಗಿದ್ದನ್ನು ಕಣ್ಣಾರೆ ಕಂಡ ಮೇಲೆ ಹಾಲಮ್ಮ ಹೊರಗೆ ಬಂದಳು.

"ಅಂಗಡಿ ತೆಗೆದಿತ್ತು ರುದ್ರೇಶ," ಎಂದಳು.

ಅವನು ತಲೆ ಎತ್ತಲಿಲ್ಲ. ಅವಳು ಒಳಗೆ ಹೋಗಿ, ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು, ಅಷ್ಟೂ ತಿಂಗಳ ಪೆನ್ಸಿಲ್ ಗೆರೆಗಳನ್ನು ರಬ್ಬರಿನಿಂದ ಒಂದೊಂದಾಗಿ ಅಳಿಸಿದಳು. ಆಗ ಮಾತ್ರ ಅತ್ತಳು. ಮರುದಿನ ಬೆಳಿಗ್ಗೆ ಶಾಂತವೀರಪ್ಪಜ್ಜ ಎಲೆ ಅಡಿಕೆ ಮುಗಿದಿದೆಯೆಂದು ಅಭ್ಯಾಸಬಲದಿಂದ ಬಾಗಿಲಿಗೆ ಬಂದಾಗ, "ಹೆಪ್ಪು ಕೇಳ್ರಿ ಅಜ್ಜ, ಒಳಕಲ್ಲು ಕೇಳ್ರಿ, ನನ್ನ ಸೀರೆ ಕೇಳ್ರಿ. ಚೀಟಿ ಕೇಳಬ್ಯಾಡ್ರಿ," ಎಂದಳು. ಅಜ್ಜ ನಾಚಿ ಹಿಂದಿರುಗಿದರು. ಬ್ಯಾರಿಕೇಡು ತೆಗೆಯುವವರೆಗೆ ಅವರು ತಂಬಾಕು ಮುಟ್ಟಲಿಲ್ಲ. ಆಮೇಲೆ ಮುಟ್ಟಿದರು, ಅದು ಬೇರೆ ಮಾತು.

ಈಗ ನನಗೆ ವಯಸ್ಸಾಗಿದೆ. ಮಸಿ ಬೂದಿ ಬಣ್ಣಕ್ಕೆ ತಿರುಗಿದೆ, ಪ್ಲಾಸ್ಟರಿನ ಅಂಚು ಕಂದಿ ಮೇಲೆದ್ದಿದೆ. ಮತ್ತೆ ಒಂದರಿಂದ ಎಣಿಸಿ ಎರಡು ವರ್ಷ ತುಂಬಿದ ಮೇಲೆ ಡಾಕ್ಟರು ಮಾತ್ರೆಯನ್ನು ನಿಧಾನವಾಗಿ ಬಿಡಿಸಿದರು. ನನ್ನ ಕೆಲಸ ಅಲ್ಲಿಗೆ ಮುಗಿಯಿತು. ಹದಿನಾಲ್ಕು ತಿಂಗಳು ಮೊದಲೇ ಮುಗಿಯಬೇಕಿತ್ತು. ಹುಡುಗಿ ನುಂಗಿದ ಹೆಚ್ಚಿನ ಮಾತ್ರೆಗಳು, ತಾಯಿ ಗಡಿಯಾರ ನೋಡುತ್ತ ಕಳೆದ ಹೆಚ್ಚಿನ ದಿನಗಳು, ಎಲ್ಲಕ್ಕೂ ನಾನೂ ಒಂದು ಪಾಲು. ನಾನೇ ಎಲ್ಲ ಬಾಗಿಲು ತೆರೆಸುತ್ತೇನೆಂದು ಬೀಗಿದ್ದೆ. ಯಾರ ಕೈಯಲ್ಲಿದ್ದೆನೋ ಅವರ ಸುಳ್ಳೂ ನನ್ನದಾಗುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಮೊನ್ನೆ ಅನ್ನಪೂರ್ಣ ಡ್ರಾಯರು ಚೊಕ್ಕ ಮಾಡುವಾಗ ನಾನು ಅವಳ ಕೈಗೆ ಸಿಕ್ಕಿದೆ. ಕಾಲೇಜಿಗೆ ಹೋಗುವ ಹುಡುಗಿ ಈಗ. ಆ ಮಧ್ಯಾಹ್ನದ ಬಗ್ಗೆ ಅವಳಿಗೆ ನೆನಪಿರುವುದು ಮೈ ನೋವು ಮಾತ್ರ. ಪ್ಲಾಸ್ಟರಿನ ಮೇಲೆ ಬೆರಳಾಡಿಸಿ, "ಇದನ್ನ ಯಾರವ್ವ ಹರಿದಿದ್ದು?" ಎಂದು ಕೇಳಿದಳು.

ಹಾಲಮ್ಮ ಮಷೀನು ತುಳಿಯುವುದನ್ನು ನಿಲ್ಲಿಸಿದಳು. ಹೊರಗೆ ಹೊಸದಾಗಿ ಮದುವೆಯಾಗಿ ಬಂದ ರುದ್ರೇಶನ ಹೆಂಡತಿ ನಲ್ಲಿಗೆ ಕೊಡ ಹಿಡಿದಿದ್ದಳು.

"ಹರಿದೋರನ್ನ ಕೇಳಬ್ಯಾಡ," ಎಂದಳು ಹಾಲಮ್ಮ. "ಕೊಟ್ಟೋಳು ನಾನು."